ಮೇಲಿನ ಚಿಲಕ

೪ ಜೂನ್ ೨೦೧೨, ಸೋಮವಾರ. ಡೊಂಬಿವಲಿ

ಗ್ಯಾಸು ಆರಿಸಿದೆನೋ ಇಲ್ಲವೋ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ಯಾವುದೂ ನೆನಪಿರುವುದಿಲ್ಲ. ನಿನ್ನೆ ಎರಡು ಸಲ ಉಪ್ಪು ಹಾಕಿದ್ದೆನಂತೆ. ತನ್ವಿ ಒಂದು ತುತ್ತು ಬಾಯಿಗಿಟ್ಟು ತಟ್ಟೆ ದೂಡಿದಳು.

"ಅಮ್ಮಾ, ಯೇ ಸಾರು ಹೈ ಕಿ ಸಮುಂದರ್?"

ನಾನು ಆಗಲೇ ಅದರಲ್ಲೇ ಊಟ ಮುಗಿಸಿ ಕೈ ತೊಳೆದಾಗಿತ್ತು. ನನಗೆ ಏನೂ ಅನ್ನಿಸಿರಲಿಲ್ಲ.

ಅದಕ್ಕೇ ಈ ಡೈರಿ. ಬ್ಯಾಂಕಿನವರು ಕೊಟ್ಟದ್ದು ಜನವರಿಯಿಂದ ಕಪಾಟಿನ ಮೇಲೆ ಬಿದ್ದಿತ್ತು. ಮಾಡಿದ್ದನ್ನು ದಿನಾ ಬರೆದಿಡು, ಮರೆವು ಕಮ್ಮಿಯಾಗುತ್ತದೆ ಎಂದು ಮಗಳು ತಂದು ಮುಂದಿಟ್ಟಳು. ಅವಳು ಹುಟ್ಟಿದ್ದು ಇಲ್ಲಿ. ಕನ್ನಡ ಆಡಿದರೆ ಎಲ್ಲ ಗೊತ್ತಾಗುತ್ತದೆ, ಬಾಯಿಗೆ ಬರುವುದು ಹಿಂದಿ, ಕನ್ನಡ ಓದಲು ಬರುವುದೇ ಇಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಇವತ್ತು ಮಾಡಿದ್ದು: ಎದ್ದೆ. ನೀರು ಹಿಡಿದೆ. ಚಪಾತಿ ಮಾಡಿದೆ. ಗ್ಯಾಸು ಆರಿಸಿದೆ. ಕೆಲಸಕ್ಕೆ ಹೋಗಿ ಬಂದೆ. ಮಲಗುವ ಮೊದಲು ತನ್ವಿ ಎಂದಿನ ಹಾಗೆ ಬೈದಳು, ಬಾಗಿಲಿನ ಮೇಲಿನ ಚಿಲಕ ಯಾಕೆ ಹಾಕುವುದಿಲ್ಲ, ಪಕ್ಕದ ಬಿಲ್ಡಿಂಗಿನಲ್ಲಿ ಕಳ್ಳತನವಾಗಿದೆ ಎಂದು. ಕೈ ಎಟುಕುವುದಿಲ್ಲ ಎಂದೆ. ಕೆಳಗೆ ಲ್ಯಾಚು ಇದೆಯಲ್ಲ, ಚಾವಿ ಇದ್ದವರಿಗೆ ಬಿಟ್ಟು ಬೇರೆಯವರಿಗೆ ಅದು ತೆರೆಯುವುದಿಲ್ಲ. ಸಾಕು.

೭ ಜೂನ್, ಗುರುವಾರ

ಬರೀ ಗ್ಯಾಸಿನ ವಿಷಯ ಬರೆದರೆ ಆಗುವುದಿಲ್ಲವಂತೆ, ಕೆಲಸದ ಬಗ್ಗೆಯೂ ಬರೆಯಬೇಕಂತೆ. ಬರೆಯಲು ಏನಿದೆ? ಡೊಂಬಿವಲಿಯಿಂದ ಶಿಲ್ ಫಾಟಾ ದಾಟಿ ಮಹಾಪೆಗೆ ಬಸ್ಸು. ಅಲ್ಲಿ ಲೀಲಾಧರಣ್ಣನ ಸಣ್ಣ ಕಾರ್ಖಾನೆ. ಗಾಳಕ್ಕೆ ಸಿಕ್ಕಿಸುವ ರಬ್ಬರಿನ ಹುಳು, ರಬ್ಬರಿನ ಮೀನುಮರಿ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಎಣ್ಣೆಯಲ್ಲಿ ಕಲಸಿದ ಒಂದು ಪುಡಿಯನ್ನು ಅವಕ್ಕೆ ಬೆರಳಿನಿಂದ ಸವರುವುದು ನನ್ನ ಕೆಲಸ. ಬ್ರಶ್ಶಿನಲ್ಲಿ ಸವರಿದರೆ ಗೆರೆ ಬೀಳುತ್ತದೆ, ಗ್ಲೌಸ್ ಹಾಕಿದರೆ ದಪ್ಪ ತಿಳಿಯುವುದಿಲ್ಲ. ಬೆರಳೇ ಆಗಬೇಕು.

ಸವರಿದ್ದು ಬೆಳಕಿನಲ್ಲಿ ಮಾಸಲು ಬಿಳಿ, ಏನೂ ಕಾಣುವುದಿಲ್ಲ. ಕಪ್ಪು ಪರದೆಯ ಕೋಣೆಗೆ ಒಯ್ದು ನೇರಳೆ ಲ್ಯಾಂಪು ಹಿಡಿದರೆ ಭಗ್ಗೆಂದು ಹಸಿರಾಗಿ ಹೊತ್ತಿಕೊಳ್ಳುತ್ತದೆ. ಸೇರಿದ ದಿನ ಲೀಲಾಧರಣ್ಣ ಹೇಳಿದ್ದರು.

"ನೀರಿನ ಆಳಕ್ಕೆ ಹೋದ ಹಾಗೆ ಬಣ್ಣಗಳು ಒಂದೊಂದಾಗಿ ಹೋಗ್ತವೆ ಲೋಲಕ್ಕ. ಮೊದಲು ಹೋಗುವುದು ಕೆಂಪು. ಆದ್ರೆ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಕೆಳಗಿನವರೆಗೆ ಇಳೀತದೆ. ಈ ಪುಡಿ ಅದನ್ನು ಹಿಡಿದು ಹೊಳೀತದೆ. ಹೊಳೆಯುವುದನ್ನು ಕಂಡು ಮೀನು ಬರ್ತದೆ."

"ಬಂದು ಸಾಯ್ತದೆ" ಎಂದೆ.

ಅವರು ಹೊಟ್ಟೆ ಹಿಡಿದು ನಕ್ಕರು. ನಾನು ನಗಿಸಲು ಹೇಳಿರಲಿಲ್ಲ.

ಪಕ್ಕದಲ್ಲಿ ಕೂರುವವಳು ಗದಗಿನ ಸುಶೀಲಾಬಾಯಿ. ಶುದ್ಧ ಸಸ್ಯಾಹಾರಿ, ಬಾಯಿಗೆ ಮಾತ್ರ ಉಪವಾಸವಿಲ್ಲ. "ಹುಟ್ಟಿದಾಗಿಂದ ಮೀನ ಮುಟ್ಟಿಲ್ರೀ ನಾ. ಈಗ ನೋಡ್ರಿ, ಮೀನಿಗೆ ಊಟಾ ಬಡಸಾಕತ್ತೀನಿ. ಹೋದ ಜನ್ಮದಾಗ ಏನ ಪಾಪ ಮಾಡಿದ್ನೋ ಏನೋ!" ಎನ್ನುತ್ತಾಳೆ. ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿ ಮೊಗವೀರರ ಮನೆಗೇ ಸೊಸೆಯಾಗಿ ಬಂದವಳು ನಾನು. ಮೀನು ಮುಟ್ಟದೆ ಏಳು ವರ್ಷವಾಗುತ್ತಾ ಬಂತು.

೧೦ ಜೂನ್, ಭಾನುವಾರ

ಪ್ರೇಮನಾಥ ಬಂದಿದ್ದ. ನನ್ನ ಮೈದುನ, ಘೋಡಬಂದರ್ ರಸ್ತೆಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಾನೆ. ತಂದ ಸುದ್ದಿ ತನ್ವಿಯದ್ದು. ಅವಳ ಆಫೀಸಿನ ಹುಡುಗ ಶೈಲೇಶ್, ನಮ್ಮವರೇ, ಠಾಣೆಯಲ್ಲಿ ಮನೆ. ಇಬ್ಬರಿಗೂ ಮನಸ್ಸಿದೆ, ಹುಡುಗನ ತಂದೆತಾಯಿಗೂ ಒಪ್ಪಿಗೆ. ಒಂದೇ ಮಾತು ಅವರದ್ದು. ಹುಡುಗಿಯ ತಂದೆಯ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ, ಆಮೇಲೆ ನಿಶ್ಚಿತಾರ್ಥ ಇಟ್ಟುಕೊಳ್ಳುವ. ಹಿರಿಯರಿಗೆ ಗತಿ ಕಾಣಿಸದ ಮನೆಯಿಂದ ಹೆಣ್ಣು ತರುವ ಕ್ರಮ ಅವರಲ್ಲಿಲ್ಲ.

ಇವರು, ತನ್ವಿಯ ತಂದೆ, ವಿಠ್ಠಲವಾಡಿಯ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ೨೦೦೫ರ ಜುಲೈ ೨೬, ಆ ದೊಡ್ಡ ಮಳೆಯ ದಿನ, ಗಾಡಿಗಳು ನಿಂತ ಮೇಲೆ ಹಳಿಯ ಮೇಲೆ ನಡೆದುಕೊಂಡು ಮನೆಗೆ ಹೊರಟರಂತೆ. ಟಿಫಿನ್ ಡಬ್ಬಿ ಕಂಕುಳಲ್ಲಿಟ್ಟು ಕೊಡೆ ಬಿಚ್ಚಿಕೊಂಡು ಹೋದದ್ದನ್ನು ಪಾನ್ ಅಂಗಡಿಯವನು ನೋಡಿದ್ದ. ಅಲ್ಲಿಂದ ಮುಂದೆ ನೋಡಿದವರು ಇಲ್ಲ. ಆಸ್ಪತ್ರೆ, ಪೊಲೀಸ್ ಚೌಕಿ, ಹೆಣ ಇಡುವ ಕೋಣೆ ಎಲ್ಲ ಕಡೆ ಪ್ರೇಮನಾಥ ತಿರುಗಿದ. ಸಿಗಲಿಲ್ಲ. ಹೆಣ ಸಿಗಲಿಲ್ಲವೆಂದು ಬೊಜ್ಜ ಮಾಡಲಿಲ್ಲ. ಸತ್ತವರ ಬೊಜ್ಜ ಆಗದೆ ನಮ್ಮಲ್ಲಿ ಮನೆಯವರು ಮೀನು ಮುಟ್ಟುವುದಿಲ್ಲ. ಕೆಲಸವೆಲ್ಲ ಮುಗಿದ ಮರುದಿನ ಮನೆಯ ಹಿರಿಯರು ಎಲೆಗೆ ಮೊದಲ ಮೀನಿನ ತುಂಡು ಬಡಿಸಬೇಕು, ಆಗ ಸೂತಕ ಕಳೆದ ಹಾಗೆ. ನಾನು ಸತ್ತರು ಅಂತಲೂ ಹೇಳಲಿಲ್ಲ, ಮೀನನ್ನೂ ಮುಟ್ಟಲಿಲ್ಲ. ನೆಂಟರು ಕೇಳಿದರು: ಬದುಕಿದ್ದಾರೆ ಎನ್ನುವುದಾದರೆ ಮೀನು ತಿನ್ನು, ಸತ್ತಿದ್ದಾರೆ ಎನ್ನುವುದಾದರೆ ಕರಿಮಣಿ ತೆಗೆ, ಇದೆಂಥ ನಿನ್ನ ಕ್ರಮ? ಅವರು ಕೇಳಿದ್ದು ಸರಿಯೇ.

"ಏಳು ವರ್ಷ ಆದ್ರೆ ಮನುಷ್ಯ ಇಲ್ಲ ಅಂತ ಕಾನೂನೇ ಒಪ್ಪಿಕೊಳ್ತದೆ ಅತ್ತಿಗೆ" ಎಂದ ಪ್ರೇಮನಾಥ. "ನೀವು ಮನಸ್ಸು ಮಾಡ್ಬೇಕು. ಭಟ್ಟರತ್ರ ಮಾತಾಡಿದ್ದೇನೆ. ಹುಲ್ಲಿನಲ್ಲಿ ಆಳು ಮಾಡಿ ಸುಡುವ ಕ್ರಮ ಉಂಟು."

"ನೋಡುವ" ಎಂದೆ.

"ಎಂತ ನೋಡುವುದು? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡಿ ಮಾರಾಯ್ರೆ. ಹೌದು ಅಂತ ಹೇಳಿ, ಇಲ್ಲ ಅಂತ ಹೇಳಿ."

ಚಹಾ ಮಾಡಲು ಎದ್ದೆ. ಅವನು ಹೋದ ಮೇಲೆ ತನ್ವಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ತುಝೆ ಕುಛ್ ಫರಕ್ ಹೀ ನಹೀಂ ಪಡ್ತಾ. ನ ಪಪ್ಪಾ ಸೇ, ನ ಮುಝಸೇ. ಪಪ್ಪಾ ಗಯೇ ತಬ್ ಭೀ ತೂ ರೋಯಿ ನಹೀಂ."

ನನಗೆ ಯಾವುದೂ ತಟ್ಟುವುದಿಲ್ಲವಂತೆ, ಪಪ್ಪಾ ಹೋದಾಗಲೂ ಅಳಲಿಲ್ಲವಂತೆ. ನಿಜ, ಅತ್ತಿಲ್ಲ. ಅಳು ಬರಲಿಲ್ಲ, ಏನು ಮಾಡಲಿ? ಹಾಗೆಂದು ನಾನು ಕಾಯುತ್ತಲೂ ಇಲ್ಲ. ಕಾಯುವವರು ಕಿಟಕಿಯಲ್ಲಿ ನಿಲ್ಲುತ್ತಾರೆ, ಗಂಡನ ಅಂಗಿ ಹಿಡಿದುಕೊಂಡು ಕೂರುತ್ತಾರೆ, ಧಾರಾವಾಹಿಯಲ್ಲಿ ನೋಡಿದ್ದೇನೆ. ನಾನು ಇವರ ಕಪಾಟಿನ ಬಾಗಿಲನ್ನೇ ತೆರೆಯುವುದಿಲ್ಲ. ಬೊಜ್ಜಕ್ಕೆ ಹೌದು ಎನ್ನಲು ಬಾಯಿ ಬರಲಿಲ್ಲ, ಅಷ್ಟೇ. ನಾಳೆ ಬಂದರೆ ನಾಳೆ ಹೇಳಿದರಾಯಿತು.

೧೧ ಜೂನ್

ಹೋದೆ. ಬಂದೆ. ಉಪ್ಪು ಒಂದೇ ಸಲ ಹಾಕಿದೆ.

೧೯ ಜೂನ್

ಮಳೆ ಬಂತು. ಕಿಟಕಿ ಮುಚ್ಚಿದೆ.

೨೪ ಜೂನ್, ಭಾನುವಾರ

ಇವತ್ತಿನದ್ದು ಬರೆಯಲೇಬೇಕು, ಮಾನ ಹೋದದ್ದನ್ನೂ ಮರೆತರೆ ಹೇಗೆ?

ಶೈಲೇಶನ ಮನೆಯವರನ್ನು ಪ್ರೇಮನಾಥ ತನ್ನ ಹೋಟೆಲಿಗೆ ಚಹಾಕ್ಕೆ ಕರೆದಿದ್ದ. ನಾನೂ ತನ್ವಿಯೂ ಠಾಣೆಯಲ್ಲಿ ಇಳಿದು ಬಸ್ಸು ಹಿಡಿದು ಘೋಡಬಂದರ್ ರಸ್ತೆಗೆ ಹೋದೆವು. ಬರಿಗೈಯಲ್ಲಿ ಹೋಗಬಾರದೆಂದು ಹೋಟೆಲಿನ ಪಕ್ಕದ ಮಿಠಾಯಿ ಅಂಗಡಿಗೆ ನುಗ್ಗಿದೆ. ಅಷ್ಟರಲ್ಲಿ ಶೈಲೇಶನೂ ಅವನ ತಾಯಿಯೂ ಆಟೋದಿಂದ ಇಳಿದು ಅಲ್ಲಿಗೇ ಬಂದರು. ನಮಸ್ಕಾರ ಆಯಿತು. ಹುಡುಗ ಸಂಕೋಚದವನು, ಕಾಲು ಮುಟ್ಟಿದ.

ಪೇಢೆ ಕಟ್ಟಿಸಿ ನೋಟು ಕೊಟ್ಟೆ. ಗಲ್ಲೆಯವನು ಕಳ್ಳನೋಟು ನೋಡುವ ಡಬ್ಬಿಯ ನೇರಳೆ ಲೈಟಿಗೆ ಹಿಡಿದ. ನೋಟಿನ ತುಂಬ ಹಸಿರು ಬೆರಳಚ್ಚು. ಇನ್ನೊಂದು ಕೊಟ್ಟೆ, ಅದೂ ಹಾಗೇ.

"ಯೇ ನಹೀಂ ಚಲೇಗಾ ಮೌಸಿ. ಕಹಾಂ ಸೇ ಲಾಯೇ? ಪೊಲೀಸ್ ಕೋ ಬುಲಾವೂಂ ಕ್ಯಾ?"

ಅಂಗಡಿ ತುಂಬ ಜನ. ಎಲ್ಲರೂ ನನ್ನನ್ನೇ ನೋಡಿದರು. ತನ್ವಿಯ ಮುಖ ಕೆಂಡವಾಯಿತು. ಕಳ್ಳನೋಟಿನ ಅತ್ತೆ ಸಿಗುತ್ತಾಳೆ ಎಂದು ಆ ಹುಡುಗನಿಗೆ ಯಾರು ಹೇಳಿದ್ದರು! ನಾನು ಕೈಯನ್ನೇ ಆ ಲೈಟಿನ ಕೆಳಗೆ ಇಟ್ಟೆ. ಐದೂ ಬೆರಳು ಬುಡದವರೆಗೆ ಹೊತ್ತಿಕೊಂಡವು. "ಮೀನಿನ ಗಾಳಕ್ಕೆ ಸವರುವ ಪುಡಿ. ಎಣ್ಣೆಯದ್ದು. ಸಾಬೂನಿಗೆ ಹೋಗುವುದಿಲ್ಲ" ಎಂದೆ. ತನ್ವಿ ಅದನ್ನು ಹಿಂದಿಯಲ್ಲಿ ಹೇಳಿದಳು. ಗಲ್ಲೆಯವನಿಗೆ ಕೋಪ ಹೋಗಿ ಹುಚ್ಚು ಹಿಡಿದ ಹಾಗಾಯಿತು. ಪಕ್ಕದ ಅಂಗಡಿಯವರನ್ನೆಲ್ಲ ಕರೆದು ನನ್ನ ಕೈ ತೋರಿಸಿದ. ಪ್ರದರ್ಶನವೇ ನಡೆಯಿತು.

ಬಾಗಿ ಪೇಢೆಯ ಪೊಟ್ಟಣ ತೆಗೆದುಕೊಳ್ಳುವಾಗ ಕರಿಮಣಿ ಲೈಟಿನ ಎದುರು ತೂಗಿತು. ಅದೂ ಹೊಳೆಯಿತು, ಮಣಿ ಮಣಿ ಬಿಡದೆ.

ಶೈಲೇಶನ ತಾಯಿ ಮೆಲ್ಲಗೆ ಕೇಳಿದರು. "ಕರಿಮಣಿಯನ್ನು ಇಷ್ಟು ಹಿಡ್ಕೊಳ್ತೀರಾ ನೀವು?"

"ಸೆಖೆಗೆ ಕುತ್ತಿಗೆಗೆ ಅಂಟುತ್ತದೆ" ಎಂದೆ.

ಆಮೇಲೆ ಚಹಾ ಕುಡಿದೆವು. ಬೊಜ್ಜದ ಮಾತನ್ನು ಅವರು ಎತ್ತಲಿಲ್ಲ. ಹೊರಡುವಾಗ ಮಾತ್ರ, "ಅವಸರ ಏನಿಲ್ಲ ಅಕ್ಕಾ, ಚೌತಿಗೆ ಮೊದಲು, ಸೋಣ ತಿಂಗಳೊಳಗೆ ಹೇಳಿದರೆ ಸಾಕು" ಎಂದರು. ಒಳ್ಳೆಯ ಹೆಂಗಸು. ಬೈದಿದ್ದರೆ ಸುಲಭವಿತ್ತು.

ಗಾಡಿಯಲ್ಲಿ ತನ್ವಿ ನನ್ನ ಪಕ್ಕ ಕೂರಲಿಲ್ಲ. ಬಾಗಿಲಲ್ಲಿ ನಿಂತೇ ಬಂದಳು.

೨ ಜುಲೈ, ಸೋಮವಾರ

ಕಾರ್ಖಾನೆಗೆ ಒಂದು ಆರ್ಡರು ವಾಪಸ್ ಬಂದಿದೆ. ಹೊಳೆಯದ ಸಾದಾ ಹುಳುಗಳೂ ಅಲ್ಲಲ್ಲಿ ಹೊಳೆಯುತ್ತಿವೆ ಎಂದು. ಲೀಲಾಧರಣ್ಣ ನಮ್ಮನ್ನು ಪರದೆಯ ಕೋಣೆಯಲ್ಲಿ ನಿಲ್ಲಿಸಿ ಲ್ಯಾಂಪು ಹಾಕಿದರು. ಸೆರಗು, ಕೂದಲು, ಡಬ್ಬಿಯ ಚೀಲ, ಚಪ್ಪಲಿಯ ಪಟ್ಟಿ, ಎಲ್ಲಕ್ಕೂ ದೀಪಾವಳಿ.

"ಪುಡಿ ನಿಮ್ಮ ಒಟ್ಟಿಗೆ ಮನೆಗೆ ಹೋಗ್ತದೆ, ಮನೆಯಿಂದ ತಿರುಗಿ ಇಲ್ಲಿಗೆ ಬರ್ತದೆ. ಒಬ್ಬೊಬ್ಬರಾಗಿ ಈ ಬ್ಯಾಟರಿ ಲ್ಯಾಂಪು ತಗೊಂಡು ಹೋಗಿ. ಕತ್ತಲೆ ಮಾಡಿ ನೋಡಿ. ಎಲ್ಲೆಲ್ಲಿ ಹೊಳೀತದೋ ಅಲ್ಲೆಲ್ಲ ಸೀಮೆಎಣ್ಣೆ ಹಾಕಿ ಒರೆಸಿ" ಎಂದರು.

೪ ಜುಲೈ, ಬುಧವಾರ

ಮೊದಲು ಲ್ಯಾಂಪು ಒಯ್ದವಳು ಸುಶೀಲಾಬಾಯಿ. ಇವತ್ತು ಬಂದವಳು ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕಳು. "ಏನ ಹೇಳ್ಲಿ ಲೋಲಾಕ್ಷೀಬಾಯಾರ! ಲಟ್ಟಣಿಗಿ ಮ್ಯಾಲ, ದೇವರ ಜಗಲಿ ಮ್ಯಾಲ, ಮೊಮ್ಮಗಳ ಗಲ್ಲದ ಮ್ಯಾಲ. ಅದು ಬಿಡ್ರಿ. ನಮ್ಮ ಯಜಮಾನ್ರ ಬೋಳ ತಲಿ ಮ್ಯಾಲ ನನ್ನ ಐದೂ ಬಳ್ಳು ಮೂಡಿದ್ವು! ದಿನಾ ಎಣ್ಣಿ ತಿಕ್ಕತೀನಲ್ರೀ. ಮಗಾ, ಸೊಸಿ ಎಲ್ಲಾರೂ ನಕ್ಕಿದ್ದ ನಕ್ಕಿದ್ದು. ಅವ್ರು ಮಾತ್ರ ಸಿಟ್ಟಿಗೆದ್ದು ಟೊಪ್ಪಿಗಿ ಹಾಕ್ಕೊಂಡು ಕುಂತಾರ."

ನನಗೂ ನಗು ಬಂತು. ಸ್ವಲ್ಪ ಹೊತ್ತು ನಿಲ್ಲಲಿಲ್ಲ.

ನಾಡಿದ್ದು ನನ್ನ ಸರದಿ. ನನ್ನ ಮನೆಯಲ್ಲಿ ಏನಿರುತ್ತದೆ? ಪಾತ್ರೆ, ಪೊರಕೆ.

೬ ಜುಲೈ, ಶುಕ್ರವಾರ

ಸಂಜೆಯ ಮಳೆಗೆ ಕರೆಂಟು ಹೋಯಿತು. ಪರದೆ ಕಟ್ಟುವ ಕೆಲಸ ತಪ್ಪಿತು ಎಂದು ಲ್ಯಾಂಪು ತೆಗೆದೆ. ತನ್ವಿ ಒದ್ದೆಯಾಗಿ ಬಂದು ತಲೆ ಒರೆಸಿಕೊಳ್ಳುತ್ತಿದ್ದಳು. ಮಿಠಾಯಿ ಅಂಗಡಿಯಲ್ಲಿ ಹಾಗಾದ ಮೇಲೆ ನನ್ನೊಡನೆ ಸರಿಯಾಗಿ ಮಾತಿಲ್ಲ. ಆದರೂ ಆಟಿಕೆ ಕಂಡ ಹಾಗೆ ಲ್ಯಾಂಪನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಅಡುಗೆಮನೆಯಿಂದ ಶುರು ಮಾಡಿದೆವು. ಗ್ಯಾಸಿನ ಕಿವಿ ಹೊಳೆಯಿತು, ಉಪ್ಪಿನ ಡಬ್ಬಿ ಹೊಳೆಯಿತು. "ದೇಖ್, ನಮಕ್ ಕಾ ಡಬ್ಬಾ!" ಎಂದು ನಕ್ಕಳು. ನಾನು ಹಿಂದಿನಿಂದ ಸೀಮೆಎಣ್ಣೆಯ ಬಟ್ಟೆ ಹಿಡಿದುಕೊಂಡು ಒರೆಸುತ್ತಾ ಬಂದೆ.

ಹಾಲಿಗೆ ಬಂದು ಲ್ಯಾಂಪನ್ನು ಕಿಟಕಿಯ ಕಡೆ ತಿರುಗಿಸಿದಳು. ಗಲ್ಲಿಗೆ ಮುಖ ಮಾಡಿರುವ ಕಿಟಕಿ. ಗ್ರಿಲ್ಲಿನ ಎರಡು ಸರಳು, ನನ್ನ ಎದೆಯ ಎತ್ತರದಲ್ಲಿ, ಸುತ್ತಲೂ ಹಸಿರು. ಮುಷ್ಟಿ ಹಿಡಿದದ್ದು ಸ್ಪಷ್ಟ ಕಾಣುತ್ತಿತ್ತು. ಒಂದರ ಮೇಲೆ ಒಂದು ಬಿದ್ದು ದಪ್ಪ ಪದರವಾಗಿತ್ತು. ಉಳಿದ ಸರಳುಗಳೆಲ್ಲ ಕಪ್ಪು. ತನ್ವಿಯ ನಗು ನಿಂತಿತು. ಬಟ್ಟೆ ಒಣಹಾಕುವಾಗ ಹಿಡಿದಿರಬೇಕು ಎಂದೆ. ನಾವು ಬಟ್ಟೆ ಒಣಹಾಕುವುದು ಹಿಂದಿನ ಗ್ಯಾಲರಿಯಲ್ಲಿ.

ಅವಳು ಇವರ ಕಪಾಟಿನ ಹತ್ತಿರ ಹೋದಳು. ಹಿಡಿ ಹೊಳೆಯಿತು. ತೆರೆದಳು. ಇವರ ನೀಲಿ ಚೌಕುಳಿಯ ಅಂಗಿ ಹ್ಯಾಂಗರಿನಲ್ಲಿತ್ತು. ಕಾಲರು ಪೂರ್ತಿ, ಎರಡೂ ತೋಳಿನ ತುದಿ, ಎಡಗಡೆಯ ಜೇಬು. ಜೇಬಿನ ಮೇಲೆ ಒಂದು ಇಡೀ ಅಂಗೈ.

ನಾನು ಆ ಕಪಾಟು ತೆರೆಯುವುದಿಲ್ಲ. ಇದೇ ಡೈರಿಯಲ್ಲಿ ಬರೆದಿದ್ದೇನೆ. ಯಾವಾಗ ತೆರೆದೆ, ಯಾವಾಗ ಮುಚ್ಚಿದೆ, ನೆನಪಿಲ್ಲ. ಉಪ್ಪು ಹಾಕಿದ ಹಾಗೆಯೇ ಆಗಿರಬೇಕು. ಕೈಗೆ ಗೊತ್ತು, ನನಗೆ ಗೊತ್ತಿಲ್ಲ.

ತನ್ವಿ ಬಾಗಿಲಿಗೆ ಲ್ಯಾಂಪು ಹಿಡಿದಳು. ಕೆಳಗಿನ ಲ್ಯಾಚು ಹಚ್ಚಹಸಿರು, ಸುತ್ತಲಿನ ಮರವೂ ಹಸಿರು. ದಿನಾ ಚಾವಿಯಿಂದ ಸರಿಯಾಗಿ ತೆರೆಯುತ್ತದೆಯೋ ಎಂದು ತಿರುಗಿಸಿ ನೋಡುತ್ತೇನೆ, ಅದು ಅಭ್ಯಾಸ. ಲ್ಯಾಂಪು ಮೇಲೆ ಹೋಯಿತು. ಮೇಲಿನ ಚಿಲಕ ಕಪ್ಪಗಿತ್ತು. ಒಂದು ಚುಕ್ಕೆಯೂ ಇಲ್ಲ. ಒಳಗಿನಿಂದ ಅದನ್ನು ಹಾಕಿದರೆ ಯಾವ ಚಾವಿಗೂ ಬಾಗಿಲು ತೆರೆಯುವುದಿಲ್ಲ. ಈ ಲ್ಯಾಚಿನ ಒಂದು ಚಾವಿ ನನ್ನಲ್ಲಿದೆ, ಒಂದು ತನ್ವಿಯಲ್ಲಿ, ಮೂರನೆಯದು ಆ ದಿನ ಇವರ ಜೇಬಿನಲ್ಲಿತ್ತು.

"ಪಪ್ಪಾ ಕೇ ಲಿಯೇ?" ಎಂದಳು. ಲ್ಯಾಂಪು ಕೆಳಗಿಳಿಸಿದಳು. "ಅಮ್ಮಾ, ಇತನೇ ಸಾಲ್?"

ಇಷ್ಟು ವರ್ಷ ಚಿಲಕ ಹಾಕದೆ ಬಿಟ್ಟದ್ದು ಪಪ್ಪನಿಗಾಗಿಯೇ ಎಂದು ಅವಳ ಪ್ರಶ್ನೆ. ಅವಳು ನನ್ನನ್ನು ಅಪ್ಪಿಕೊಂಡು ಜೋರಾಗಿ ಅತ್ತಳು, ಚಿಕ್ಕವಳಿದ್ದಾಗ ಅಳುತ್ತಿದ್ದ ಹಾಗೆ, ಮೂಗೆಲ್ಲ ಸುರಿಸಿಕೊಂಡು. ಆಮೇಲೆ ತಡವರಿಸಿ ತಡವರಿಸಿ ಕನ್ನಡದಲ್ಲಿ ಹೇಳಿದಳು. "ಬೊಜ್ಜ ಬೇಡ ಅಮ್ಮ. ನಾನು ಶೈಲೇಶಿಗೆ ಹೇಳ್ತೆ. ಅವರಿಗೆ ಬೇಡ ಆದ್ರೆ ನನಗೂ ಬೇಡ. ನೀನು ಬಾಗಿಲು ಹಾಗೇ ಇಡು."

ನಾನು ಲ್ಯಾಂಪು ಇಸಿದುಕೊಂಡು ಇನ್ನೊಂದು ಸಲ ಎಲ್ಲ ಕಡೆ ಹಿಡಿದು ನೋಡಿದೆ. ಕಿಟಕಿ, ಕಪಾಟು, ಅಂಗಿ, ಲ್ಯಾಚು. ಎಲ್ಲೆಲ್ಲೂ ಇದ್ದದ್ದು ನನ್ನ ಬೆರಳು. ಅವರ ಅಂಗಿಯ ಮೇಲೂ ನನ್ನದೇ. ಈ ಮನೆಯಲ್ಲಿ ಅವರ ಕೈ ಮುಟ್ಟಿದ ಗುರುತು ಎಲ್ಲೂ ಇಲ್ಲ. ಏಳು ವರ್ಷದಿಂದ ಇಲ್ಲಿ ನಾನೊಬ್ಬಳೇ ಓಡಾಡಿದ್ದೇನೆ.

"ಮಾಡುವ" ಎಂದೆ.

"ಕ್ಯಾ?"

"ಬೊಜ್ಜ. ನಾಳೆ ಚಿಕ್ಕಪ್ಪನಿಗೆ ಫೋನ್ ಮಾಡು."

ಕರೆಂಟು ಬಂದ ಮೇಲೆ ಇಬ್ಬರೂ ಸೇರಿ ಗ್ರಿಲ್ಲು ಒರೆಸಿದೆವು. ಅಂಗಿಯನ್ನು ಮುಟ್ಟಲಿಲ್ಲ.

೭ ಜುಲೈ

ಲ್ಯಾಂಪು ವಾಪಸ್ ಕೊಟ್ಟೆ. "ಎಂತ ಎಲ್ಲ ಹೊಳೀತು ಲೋಲಕ್ಕ?" ಎಂದು ಲೀಲಾಧರಣ್ಣ ಕೇಳಿದರು. ಉಪ್ಪಿನ ಡಬ್ಬಿ ಎಂದೆ.

೧೨ ಜುಲೈ, ಗುರುವಾರ

ಬೆಳಿಗ್ಗೆ ಬಸ್ಸಿಗೆ ಶಿಲ್ ಫಾಟಾದಲ್ಲಿ ಒಬ್ಬಳು ಒಣಮೀನಿನ ಬುಟ್ಟಿ ಹತ್ತಿಸಿದಳು. ಎಲ್ಲರೂ ಮೂಗು ಮುಚ್ಚಿಕೊಂಡು ಗೊಣಗಿದರು. ನನಗೆ ಯಾಕೋ ತಡೆಯಲಾರದ ಹಸಿವಾಯಿತು. ಮಧ್ಯಾಹ್ನದ ಡಬ್ಬಿಯನ್ನು ಬಸ್ಸಿನಲ್ಲೇ ತೆಗೆದು ತಿಂದೆ. ಪಲ್ಯಕ್ಕೆ ಖಾರ ಸಾಲದು. ಇಷ್ಟು ದಿನ ತನ್ವಿ ಹೇಗೆ ತಿಂದಳೋ, ಪಾಪ!

ಮಧ್ಯಾಹ್ನ ಊಟಕ್ಕೆ ಏನೂ ಇರಲಿಲ್ಲ. ಸುಶೀಲಾಬಾಯಿ ಅರ್ಧ ಜೋಳದ ರೊಟ್ಟಿ ಕೊಟ್ಟಳು.

೨೮ ಜುಲೈ, ಶನಿವಾರ

ಆಷಾಢದ ಹಾಗೆ ನಮ್ಮ ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ಸತ್ತವರ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಪ್ರೇಮನಾಥ ಇವತ್ತಿಗೆ ಗೊತ್ತು ಮಾಡಿದ್ದ. ಮಶಾಣದಲ್ಲಿ ಭಟ್ಟರು ದರ್ಭೆಯಿಂದ ಒಂದು ಆಳು ಕಟ್ಟಿದರು. ಕೈ, ಕಾಲು, ತಲೆಗೆ ಒಂದು ತೆಂಗಿನಕಾಯಿ. ನೋಡಲು ಏನೂ ಅವರ ಹಾಗಿರಲಿಲ್ಲ. ಅವರು ಎತ್ತರದವರು.

ಸತ್ತವರು ತೊಟ್ಟ ಬಟ್ಟೆ ಏನಾದರೂ ತಂದಿದ್ದೀರಾ ಎಂದು ಭಟ್ಟರು ಕೇಳಿದರು. ನೀಲಿ ಅಂಗಿಯನ್ನು ಚೀಲದಿಂದ ತೆಗೆದುಕೊಟ್ಟೆ. ಒಗೆದಿರಲಿಲ್ಲ. ಹುಲ್ಲಿನ ಮೇಲೆ ಹೊದೆಸಿದರು. ಹಗಲು ಬೆಳಕಿನಲ್ಲಿ ಅದರ ಮೇಲೆ ಏನೂ ಕಾಣುತ್ತಿರಲಿಲ್ಲ, ಮಾಸಲು ಅಂಗಿ ಅಷ್ಟೇ. ಏನಿತ್ತು ಎಂದು ನನಗೆ ಗೊತ್ತು, ತನ್ವಿಗೆ ಗೊತ್ತು. ಪ್ರೇಮನಾಥ ಬೆಂಕಿ ಇಟ್ಟ. ಹೊಗೆಗೆ ಅವನು ಕೆಮ್ಮಿದ, ಕೆಮ್ಮುತ್ತಾ ಅತ್ತ. ಮಳೆ ಹನಿಯುತ್ತಿದ್ದರೂ ಬೇಗ ಉರಿಯಿತು.

ಕರಿಮಣಿ ತೆಗೆಯಲು ನೆಂಟರ ಹೆಂಗಸರು ಮುಂದೆ ಬಂದರು. ಬೇಡ ಎಂದು ನಾನೇ ತೆಗೆದು ತನ್ವಿಯ ಕೈಗೆ ಕೊಟ್ಟೆ. ಬೊಟ್ಟು ಒರೆಸಲು ಬಂದಾಗ ತನ್ವಿ ಅಡ್ಡ ನಿಂತಳು. "ಬೊಟ್ಟು ಇರಲಿ" ಎಂದಳು ಕನ್ನಡದಲ್ಲೇ, ಎಲ್ಲರಿಗೂ ಕೇಳುವ ಹಾಗೆ. ಹೆಂಗಸರು ಕೈ ಹಿಂದೆ ತೆಗೆದರು.

ಕುತ್ತಿಗೆ ಹಗುರಾಯಿತು. ಕೈ ಮಾತ್ರ ಆಗಾಗ ಅಲ್ಲಿಗೆ ಹೋಗುತ್ತದೆ.

೨೯ ಜುಲೈ, ಭಾನುವಾರ

ಮಳೆಗಾಲ, ಬೋಟು ಕಡಲಿಗೆ ಇಳಿಯುವುದಿಲ್ಲ. ಮೀನು ಎಲ್ಲಿಂದ ಎಂದು ಯೋಚಿಸಿದ್ದೆ. ಪ್ರೇಮನಾಥ ಬೆಳಿಗ್ಗೆಯೇ ಮೋಠಾಗಾಂವ್ ಖಾಡಿಗೆ, ಅಲ್ಲಿಯ ಹಿನ್ನೀರಿಗೆ ಹೋಗಿ, ಗಾಳ ಹಾಕಿ ಕೂತಿದ್ದವರ ಹತ್ತಿರ ಒಂದು ದೊಡ್ಡ ಜಿತಾಡಾ ಮೀನು ತಂದ. ಬದುಕಿದ್ದಾಗ ತನ್ವಿಯ ತಂದೆಯೂ ರಜೆಯ ದಿನ ಅಲ್ಲೇ ಗಾಳ ಹಿಡಿದು ಕೂರುತ್ತಿದ್ದರು. ಮೀನಿನ ತುಟಿಯಲ್ಲಿ ಗಾಳದ ಗಾಯ ಹಸಿಯಾಗಿತ್ತು.

"ಗಾಳಕ್ಕೆ ಎಂತ ಹಾಕಿದ್ದರು?" ಎಂದು ಕೇಳಿದೆ.

"ಸಿಗಡಿ ಅತ್ತಿಗೆ. ಮತ್ತೆಂತ?"

ನಮ್ಮ ಲೀಲಾಧರಣ್ಣನಿಗೆ ಇದನ್ನು ಹೇಳಬಾರದು.

ಮೀನು ಕತ್ತರಿಸಲು ಮೆಟ್ಟುಕತ್ತಿಯ ಮೇಲೆ ಕೂತೆ. ಮರೆತಿರಬಹುದು ಎಂದುಕೊಂಡಿದ್ದೆ, ಕೈ ಮರೆತಿರಲಿಲ್ಲ. ಮೆಣಸು ಹುರಿದೆ, ಹುಣಸೆ ಹಾಕಿ ಅರೆದೆ. ಘಾಟಿಗೆ ಇಡೀ ಬಿಲ್ಡಿಂಗು ಕೆಮ್ಮಿತು. ಮೂರನೆಯ ಮಾಳಿಗೆಯವರು ಕೆಳಗಿಳಿದು ಬಂದು, ಇವತ್ತು ನಿಮ್ಮ ಮನೆಯಲ್ಲಿ ಏನು ವಿಶೇಷ ಎಂದು ಕೇಳಿದರು.

ಎಲೆ ಹಾಕಿದ ಮೇಲೆ ತೊಡಕು ಬಂತು. ಮೊದಲ ತುಂಡು ಹಿರಿಯರು ಬಡಿಸಬೇಕು. ನೆಂಟರೆಲ್ಲ ನಿನ್ನೆಯೇ ಹೋಗಿದ್ದಾರೆ, ಪ್ರೇಮನಾಥ ನನಗಿಂತ ಸಣ್ಣವನು. ಇದ್ದವರಲ್ಲಿ ಹಿರಿಯಳು ನಾನೇ. ಎಲ್ಲರೂ ಮುಖ ಮುಖ ನೋಡಿಕೊಂಡೆವು. ತನ್ವಿ ಸೌಟು ತೆಗೆದುಕೊಂಡಳು. ನಡುವಿನ ತುಂಡು ಆರಿಸಿ ನನ್ನ ಎಲೆಗೆ ಹಾಕಿ, "ತಿನ್ನು ಅಮ್ಮ" ಎಂದಳು. ಕ್ರಮ ತಪ್ಪಿತು. ಇರಲಿ.

ಬಾಯಿಗಿಟ್ಟೆ. ಉಪ್ಪು ಕಮ್ಮಿಯಾಗಿತ್ತು.

ಅತ್ತೆ. ಮೆಣಸಿನ ಮೇಲೆ ಹಾಕಲು ನೋಡಿದೆ, ಆಗಲಿಲ್ಲ. ಪ್ರೇಮನಾಥ ಎಲೆ ಬಿಟ್ಟು ಏಳಲು ಹೋದ, ತನ್ವಿ ಅವನ ಕೈ ಹಿಡಿದು ಕೂರಿಸಿದಳು. ಯಾರೂ ಸಮಾಧಾನ ಹೇಳಲಿಲ್ಲ, ಅದು ಒಳ್ಳೆಯದಾಯಿತು. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ, ಅನ್ನ ತಣ್ಣಗಾಗಿತ್ತು. ಆಮೇಲೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಎಲ್ಲರ ಎಲೆಗೂ ಹಾಕಿದೆ. ಎರಡನೇ ತುಂಡನ್ನು ಕೇಳಿ ಹಾಕಿಸಿಕೊಂಡೆ. ಚೆನ್ನಾಗಿತ್ತು.

ಸಂಜೆ ತನ್ವಿ ಶೈಲೇಶನ ತಾಯಿಗೆ ಫೋನು ಹಚ್ಚಿ ನನ್ನ ಕಿವಿಗೆ ಹಿಡಿದಳು. ಸೋಣ ಕಳೆದ ಮೇಲೆ ಯಾವ ದಿನವಾದರೂ ಇಡಿ, ನಾವು ಬರುತ್ತೇವೆ ಎಂದೆ.

ಇವತ್ತು ಮಾಡಿದ್ದು: ಮೀನು ಮಾಡಿದೆ. ಪಾತ್ರೆ ತೊಳೆದೆ. ಗ್ಯಾಸು ಆರಿಸಿದೆ. ಮಲಗುವ ಮೊದಲು ಮೇಲಿನ ಚಿಲಕ ಹಾಕಿದೆ. ಕೈ ಎಟುಕಿತು. ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಸರಿಯಲಿಲ್ಲ. ತೆಂಗಿನೆಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತು, ಆಮೇಲೆ ದೂಡಿದೆ. ಹೋಯಿತು.